ಬುಡಾಪೆಸ್ಟಿನ ತೋಪಿನಲ್ಲಿ ಗಾಬೊರ್‌ನ ಗಿಟಾರ್

ಬುಡಾಪೆಸ್ಟ್ ಎಂದು ನಾವು ಬರೆಯುತ್ತೇವೆ. ಅಲ್ಲಿಯವರು 'ಬುದಾಪೆಶ್ತ್' ಎನ್ನುತ್ತಾರೆ. ಡ್ಯಾನ್ಯೂಬ್ ನದಿಯ ಪಶ್ಚಿಮ ದಡದಲ್ಲಿ ಗುಡ್ಡಗಳ ಬುಡಾ, ಪೂರ್ವ ದಡದಲ್ಲಿ ಬಯಲಿನ ಪೆಸ್ಟ್. ಇವೆರಡೂ ಹಳೆಯ ಬುಡಾದೊಡನೆ ಸೇರಿ ಒಂದೇ ನಗರವಾದದ್ದು 1873ರಲ್ಲಿ. ಪ್ರವಾಸಿಗಳು ಸಾಮಾನ್ಯವಾಗಿ ಬುಡಾದ ಕೋಟೆ, 1849ರ ಸರಪಳಿ ಸೇತುವೆ, ಸಂಸತ್ ಭವನ ಇಷ್ಟನ್ನು ನೋಡಿ, ಸಂಜೆ ನದಿಯಲ್ಲಿ ದೋಣಿವಿಹಾರ ಮುಗಿಸಿ ವಿಯೆನ್ನಾ ಕಡೆಗೆ ಹೊರಟುಬಿಡುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ಹತ್ತು ದಿನ ಆ ಊರಿನಲ್ಲಿದ್ದ ನಾನು ಹೆಚ್ಚು ಹೊತ್ತು ಕಳೆದದ್ದು ಇವು ಯಾವುವೂ ಇಲ್ಲದ ಜಾಗದಲ್ಲಿ. ಪೆಸ್ಟ್ ಭಾಗದ ಆ ದೊಡ್ಡ ಉದ್ಯಾನದ ಹೆಸರು ವಾರೊಶ್‌ಲಿಗೆತ್. ಕನ್ನಡದಲ್ಲಿ ಹೇಳುವುದಾದರೆ 'ಊರ ತೋಪು'.

ತೋಪಿಗೆ ಹೋಗುವ ದಾರಿಯೇ ಸೊಗಸು. ನೆಲದಡಿಯ ಹಳದಿ ಬಣ್ಣದ ಪುಟ್ಟ ರೈಲು ನಿಮ್ಮನ್ನು ಅಲ್ಲಿಗೆ ಮುಟ್ಟಿಸುತ್ತದೆ. ಯೂರೋಪ್ ಖಂಡದ ಮುಖ್ಯಭೂಮಿಯಲ್ಲಿ ಮೊಟ್ಟಮೊದಲು ಓಡಿದ ಸುರಂಗ ರೈಲು ಇದು; ಆರಂಭವಾದದ್ದು 1896ರಲ್ಲಿ. ರಸ್ತೆಯಿಂದ ಒಂದಿಷ್ಟು ಮೆಟ್ಟಿಲು ಇಳಿದರೆ ಸಾಕು, ನಿಲ್ದಾಣ. ಮೇಲಕ್ಕೆ ಬಂದರೆ ಸೇಚೆನಿ ಎಂಬ ಬಿಸಿನೀರಿನ ಸ್ನಾನಘಟ್ಟ. ಎದೆಮಟ್ಟದ ಬಿಸಿನೀರಿನಲ್ಲಿ ನಿಂತ ಮುದುಕರು ಚದುರಂಗ ಆಡುತ್ತಿರುತ್ತಾರೆ. ನಮ್ಮ ಊರಿನ ಅರಳಿಕಟ್ಟೆಗೂ ಇದಕ್ಕೂ ನೀರೊಂದೇ ವ್ಯತ್ಯಾಸ.

ನಾನು ಅಲ್ಲಿಗೆ ಹೋದದ್ದು ಒಬ್ಬ ಗಿಟಾರ್ ವಾದಕನ ಜಾಡು ಹಿಡಿದು. ಆತನ ಹೆಸರು ಗಾಬೊರ್ ಸಾಬೊ. ಜಾಜ್ ಸಂಗೀತದ ಚರಿತ್ರೆಗಳಲ್ಲಿ ಈತನಿಗೆ ಸಿಗುವುದು ಬಹಳವೆಂದರೆ ಒಂದು ಪ್ಯಾರಾ. ಆದರೆ ಈತನ ನಾದವನ್ನು ಯಾವುದೋ ರೂಪದಲ್ಲಿ ಕೇಳಿರುವವರು ಲಕ್ಷಗಟ್ಟಲೆ. ಅವರಲ್ಲಿ ನಾನೂ ಒಬ್ಬ. ಬಿ.ಎಸ್‌ಸಿ. ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಸಾಂಟಾನಾ ತಂಡದ ಒಂದು ಕ್ಯಾಸೆಟ್ಟು ಕೋಣೆಯಿಂದ ಕೋಣೆಗೆ ತಿರುಗುತ್ತಿತ್ತು. ಅದರಲ್ಲಿ 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಹಾಡು ಮುಗಿಯುವ ಹೊತ್ತಿಗೆ ಗಿಟಾರು ಹುಚ್ಚು ಹೊಳೆಯಂತೆ ಹರಿಯತೊಡಗುತ್ತದೆ. ಆ ಭಾಗ ಬೇರೆಯೇ ಒಂದು ರಚನೆ. ಅದರ ಹೆಸರು 'ಜಿಪ್ಸಿ ಕ್ವೀನ್'. ರಚಿಸಿದವನು ಗಾಬೊರ್ ಸಾಬೊ. ಮೊದಲು ಬಂದದ್ದು 1966ರ ಆತನ 'ಸ್ಪೆಲ್‌ಬೈಂಡರ್' ಎಂಬ ಧ್ವನಿಮುದ್ರಿಕೆಯಲ್ಲಿ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಹಂಗೇರಿಯಲ್ಲಿ ಆತನನ್ನು 'ಗಾಬೊರ್ ಸಾಬೊ' ಎಂದು ವಿಚಾರಿಸಿದರೆ ಪ್ರಯೋಜನವಿಲ್ಲ. ಅಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ನಂತರ. ಊರಿನ ಹೆಸರು, ತಂದೆಯ ಹೆಸರು ಮುಂದಿಟ್ಟುಕೊಳ್ಳುವ ನಮಗೆ ಇದು ವಿಚಿತ್ರವೆನಿಸುವುದಿಲ್ಲ. ಹಾಗಾಗಿ ಆತ ಅಲ್ಲಿ 'ಸಾಬೊ ಗಾಬೊರ್'. ಸಾಬೊ ಎಂದರೆ ದರ್ಜಿ, ಬಟ್ಟೆ ಹೊಲಿಯುವವನು. ಅದು ಅಲ್ಲಿ ಮನೆಮನೆಯ ಹೆಸರು. "ಮಾಮ, ಈ ಊರಲ್ಲಿ ಸಾಬೊ ಗಾಬೊರ್ ಅಂತ ಕೂಗಿದ್ರೆ ಪ್ರತಿ ಬೀದಿಯಲ್ಲೂ ಒಬ್ಬ ತಿರುಗಿ ನೋಡ್ತಾನೆ" ಎಂದಳು ನನ್ನ ಅಕ್ಕನ ಮಗಳು. ಹಂಗೇರಿ ಸರ್ಕಾರದ 'ಸ್ಟಿಪೆಂಡಿಯಂ ಹಂಗಾರಿಕಂ' ಎಂಬ ವಿದ್ಯಾರ್ಥಿವೇತನ ಪಡೆದು ಅವಳು ಅಲ್ಲಿ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಭಾರತದ ವಿದ್ಯಾರ್ಥಿಗಳೂ ಇದಕ್ಕೆ ಅರ್ಜಿ ಹಾಕಬಹುದು, ಆಸಕ್ತಿಯಿರುವವರು ಗಮನಿಸಿ.

ಗಾಬೊರ್ ಹುಟ್ಟಿದ್ದು 1936ರ ಮಾರ್ಚ್ 8ರಂದು, ಇದೇ ಬುಡಾಪೆಸ್ಟಿನಲ್ಲಿ. ಜರ್ಮನ್ ಸೇನೆ ಹಿಂದೆ ಸರಿಯುತ್ತ ಡ್ಯಾನ್ಯೂಬಿನ ಸೇತುವೆಗಳನ್ನು ಸಿಡಿಸಿ ಕೆಡವಿದಾಗ ಅವನಿಗೆ ಎಂಟು ವರ್ಷ. ಯುದ್ಧ ಮುಗಿದ ಮೇಲೆ ಅಮೆರಿಕದ ಒಂದು ಕೌಬಾಯ್ ಸಿನಿಮಾ ನೋಡಿದ. ಅದರಲ್ಲಿ ರಾಯ್ ರೋಜರ್ಸ್ ಎಂಬ ನಟ ಕುದುರೆ ಸವಾರಿ ಮಾಡುತ್ತ, ಗಿಟಾರ್ ನುಡಿಸುತ್ತ ಹಾಡುತ್ತಿದ್ದ. ಹುಡುಗನಿಗೆ ಗಿಟಾರಿನ ಹುಚ್ಚು ಹಿಡಿಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆ ಒಂದು ಗಿಟಾರ್ ತಂದುಕೊಟ್ಟರು. ಕಲಿಸುವ ಗುರು ಇಲ್ಲ. ಬಹುಪಾಲು ತಾನೇ ಕಲಿತ. ಆಗ ಹಂಗೇರಿಯಲ್ಲಿದ್ದದ್ದು ಸ್ಟಾಲಿನ್ ಮಾದರಿಯ ಆಡಳಿತ. ಜಾಜ್ ಎಂದರೆ ಬಂಡವಾಳಶಾಹಿಗಳ ಗದ್ದಲ ಎಂಬ ತಿರಸ್ಕಾರ. ಜಾಜ್ ಕೇಳಬೇಕಾದರೆ ರಾತ್ರಿ ರೇಡಿಯೊ ತಿರುಪಿ 'ವಾಯ್ಸ್ ಆಫ್ ಅಮೆರಿಕ' ಹಿಡಿಯಬೇಕು. 1955ರಿಂದ ಅದರಲ್ಲಿ ವಿಲಿಸ್ ಕಾನೋವರ್ ಎಂಬಾತ ಜಾಜ್ ಕಾರ್ಯಕ್ರಮ ನಡೆಸುತ್ತಿದ್ದ. ಪೂರ್ವ ಯೂರೋಪಿನ ಒಂದು ಇಡೀ ತಲೆಮಾರಿಗೆ ಅದೇ ಪಾಠಶಾಲೆ. ಶಾರ್ಟ್ ವೇವ್ ರೇಡಿಯೊದಲ್ಲಿ ಸಿಲೋನ್ ಕೇಂದ್ರ ಹುಡುಕಿದ ಅನುಭವವಿರುವ ತಂದೆತಾಯಿಗಳಿಗೆ ಈ ಕಷ್ಟವನ್ನು ವಿವರಿಸಬೇಕಿಲ್ಲ.

ಈಗ ತೋಪಿಗೆ ಬರೋಣ. ಅದರ ಅಂಚಿನಲ್ಲಿ ಒಂದು ವಿಶಾಲ ಬಯಲಿದೆ. 1951ರಲ್ಲಿ ಅಲ್ಲಿ ಸ್ಟಾಲಿನ್ನನ ಎಂಟು ಮೀಟರ್ ಎತ್ತರದ ಕಂಚಿನ ಪ್ರತಿಮೆ ನಿಲ್ಲಿಸಿದ್ದರು. 1956ರ ಅಕ್ಟೋಬರ್ 23ರಂದು ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹದಿನಾರು ಬೇಡಿಕೆಗಳ ಪಟ್ಟಿ ಹಿಡಿದು ಮೆರವಣಿಗೆ ಹೊರಟರು. ಮಧ್ಯಾಹ್ನ ಕೆಲವು ಸಾವಿರ ಜನರಿದ್ದದ್ದು ಸಂಜೆಗೆ ಲಕ್ಷ ದಾಟಿತು. ಬ್ರೋದಿ ಶಾಂದೊರ್ ಬೀದಿಯ ರೇಡಿಯೊ ಕೇಂದ್ರದ ಮುಂದೆ ಗುಂಡು ಹಾರಿತು. ಅದೇ ರಾತ್ರಿ ಇಲ್ಲಿ, ಗ್ಯಾಸ್ ಕಟರ್ ತಂದ ಕಾರ್ಮಿಕರು ಪ್ರತಿಮೆಯನ್ನು ಮೊಣಕಾಲಿನ ಬಳಿ ಕತ್ತರಿಸಿ ಕೆಡವಿದರು. ಪೀಠದ ಮೇಲೆ ಉಳಿದದ್ದು ಎರಡು ಬೂಟುಗಳು ಮಾತ್ರ. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಮತ್ತೆ ನುಗ್ಗಿ ಬಂದವು. ಸುಮಾರು ಎರಡೂವರೆ ಸಾವಿರ ಹಂಗೇರಿಯನ್ನರು ಸತ್ತರು. ಒಂದು ಕೋಟಿಗೂ ಕಡಿಮೆ ಜನಸಂಖ್ಯೆಯ ದೇಶದಿಂದ ಸುಮಾರು ಎರಡು ಲಕ್ಷ ಜನ ಗಡಿ ದಾಟಿದರು. ಅವರಲ್ಲಿ ಇಪ್ಪತ್ತು ವರ್ಷದ ಗಾಬೊರ್ ಒಬ್ಬ.

ಇಂದು ಆ ಬಯಲಿನಲ್ಲಿ 2006ರಲ್ಲಿ ನಿಲ್ಲಿಸಿದ ಸ್ಮಾರಕವಿದೆ. ತುಕ್ಕು ಹಿಡಿದ ಕಬ್ಬಿಣದ ಕಂಬಗಳು ಹಿಂದೆ ಚದುರಿ ನಿಂತಿವೆ. ಮುಂದೆ ಹೋದಂತೆ ಒತ್ತೊತ್ತಾಗಿ, ಕೊನೆಗೆ ಹೊಳೆಯುವ ಉಕ್ಕಿನ ಒಂದೇ ಬೆಣೆಯಾಗುತ್ತವೆ. ಗುಂಪು ಸೇರುವುದೆಂದರೇನು ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಶಿಲ್ಪ ನಾನು ಬೇರೆ ಕಂಡಿಲ್ಲ. ಅದಕ್ಕೆ ಅಂಟಿಕೊಂಡಂತೆ ಜನಾಂಗ ಅಧ್ಯಯನ ವಸ್ತುಸಂಗ್ರಹಾಲಯದ ಹೊಸ ಕಟ್ಟಡ 2022ರಲ್ಲಿ ಎದ್ದಿದೆ. ಅದರ ಛಾವಣಿ ಹುಲ್ಲು ಬೆಳೆದ ಇಳಿಜಾರು; ಜನ ಅದರ ಮೇಲೆ ಹತ್ತಿ ಕೂತು ತಿಂಡಿ ತಿನ್ನುತ್ತಾರೆ.

ಗಾಬೊರ್‌ನ ಸಂಗೀತ ಅರ್ಥವಾಗಬೇಕಾದರೆ ಈ ಸಂಗ್ರಹಾಲಯದ ಒಂದು ಆಸ್ತಿಯನ್ನು ತಿಳಿಯಬೇಕು. ಅದು ಮೇಣದ ಉರುಳೆಗಳು. 1905-06ರಲ್ಲಿ ಜೊಲ್ತಾನ್ ಕೊದಾಯ್, ಬೇಲಾ ಬಾರ್ಟೋಕ್ ಎಂಬ ಇಬ್ಬರು ತರುಣ ಸಂಗೀತಗಾರರು ಹಳ್ಳಿ ಸುತ್ತಲು ಹೊರಟರು. ಬಾರ್ಟೋಕ್ ಎಡಿಸನ್ನನ ಫೋನೋಗ್ರಾಫ್ ಹೊತ್ತುಕೊಂಡು ಹೋಗಿ, ಅದರ ಕೊಳವೆಯ ಮುಂದೆ ಅಜ್ಜಿಯರನ್ನು ಕೂರಿಸಿ ಹಾಡಿಸಿದ. ದನಿಯ ಕಂಪನಕ್ಕೆ ಸೂಜಿ ಅಲುಗಿ ಮೇಣದಲ್ಲಿ ಗೀರು ಬೀಳುತ್ತದೆ. ಸೂಜಿಯನ್ನು ಮತ್ತೆ ಅದೇ ಗೀರಿನಲ್ಲಿ ಓಡಿಸಿದರೆ ಅಜ್ಜಿ ಮತ್ತೆ ಹಾಡುತ್ತಾಳೆ. ಒಂಬತ್ತನೆಯ ತರಗತಿಯ 'ಶಬ್ದ' ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹೀಗೆ ಸಿಕ್ಕ ಹಳೆಯ ಹಂಗೇರಿಯನ್ ಹಾಡುಗಳು ಐದೇ ಸ್ವರದವು. ಸ, ಗ, ಮ, ಪ, ನಿ. ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೂ ಇವೇ. ಇನ್ನು ಅಲ್ಲಿನ ಊಟದ ಮನೆಗಳಲ್ಲಿ ರೋಮಾ ಜನ, ಅಂದರೆ ಜಿಪ್ಸಿಗಳು, ಪಿಟೀಲಿನಲ್ಲೂ ಚಿಂಬಾಲೊಮ್‌ನಲ್ಲೂ ನುಡಿಸುವ ಸಂಗೀತ ಬೇರೆ. ಚಿಂಬಾಲೊಮ್ ನಮ್ಮ ಸಂತೂರಿನ ದೊಡ್ಡಣ್ಣ. ತಂತಿಗಳ ಮೇಲೆ ಕೋಲಿನಿಂದ ಬಡಿದು ನುಡಿಸುವ ವಾದ್ಯ. ಅವರು ಬಳಸುವ ಒಂದು ಸ್ವರಶ್ರೇಣಿಗೆ ಪಾಶ್ಚಾತ್ಯ ಪುಸ್ತಕಗಳಲ್ಲಿ 'ಹಂಗೇರಿಯನ್ ಮೈನರ್' ಎಂದೇ ಹೆಸರು. ಸ್ವರಗಳನ್ನು ಎಣಿಸಿ ನೋಡಿದರೆ ಅದು ನಮ್ಮ ಐವತ್ತೇಳನೆಯ ಮೇಳಕರ್ತ ಸಿಂಹೇಂದ್ರಮಧ್ಯಮ! ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತದಿಂದ ಹೊರಟವರು. ಅವರ ಭಾಷೆಯಲ್ಲಿ ಇಂದಿಗೂ ನೀರಿಗೆ 'ಪಾನಿ', ಮೂಗಿಗೆ 'ನಾಖ್'. ಹಾಗೆಂದು ರಾಗವನ್ನೂ ಇಲ್ಲಿಂದಲೇ ಕಟ್ಟಿಕೊಂಡು ಹೋದರು ಎನ್ನಲು ಆಧಾರವಿಲ್ಲ. ಸ್ವರಗಳು ಒಂದೇ ಆದರೂ ರಾಗ ಒಂದೇ ಅಲ್ಲ. ಗಮಕ ಬೇರೆ, ನಡೆ ಬೇರೆ. ಎಲ್ಲವೂ ನಮ್ಮಲ್ಲಿಂದಲೇ ಹೋಯಿತು ಎನ್ನುವ ಚಪಲ ನಮ್ಮ ಸ್ಟಾಫ್ ರೂಮಿನಲ್ಲೂ ಕೆಲವರಿಗಿದೆ.

ಈ ಎರಡು ಬಗೆಯ ನಾದ ಕಿವಿಯಲ್ಲಿ ತುಂಬಿಕೊಂಡ ಹುಡುಗ ಅಮೆರಿಕ ಸೇರಿದ. 1958ರಲ್ಲಿ ನ್ಯೂಪೋರ್ಟ್ ಜಾಜ್ ಉತ್ಸವದಲ್ಲಿ ಹಲವು ದೇಶಗಳ ತರುಣರ ತಂಡದೊಂದಿಗೆ ನುಡಿಸಿದ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಕಲಿತ. 1961ರಲ್ಲಿ ಚಿಕೊ ಹ್ಯಾಮಿಲ್ಟನ್ ಎಂಬ ಡ್ರಮ್ ವಾದಕನ ತಂಡ ಸೇರಿದ. ಆ ಕಾಲದ ಜಾಜ್ ಗಿಟಾರಿಸ್ಟರ ಹೆಗ್ಗಳಿಕೆ ವೇಗ. ಒಂದರ ಮೇಲೊಂದು ಸ್ವರಗಳ ಮಳೆ. ಗಾಬೊರ್ ಅದಕ್ಕೆ ಕೈ ಹಾಕಲಿಲ್ಲ. ಒಂದು ತಂತಿಯಲ್ಲಿ ಪುಟ್ಟ ರಾಗವೊಂದನ್ನು ಎಳೆಯುತ್ತ, ಪಕ್ಕದ ತಂತಿಗಳನ್ನು ಬೆರಳಿಡದೆ ಹಾಗೆಯೇ ಮಿಡಿಯಲು ಬಿಟ್ಟ. ಕೆಳಗೆ ಒಂದು ನಿರಂತರ ನಾದ, ಮೇಲೆ ಒಂದು ಹಾಡು. ನಮಗೆ ಇದು ಹೊಸದಲ್ಲ. ತಂಬೂರಿಯಿಲ್ಲದ ಕಛೇರಿಯನ್ನು ನಾವು ಊಹಿಸಿಕೊಳ್ಳಲಾರೆವು. ಜಾಜ್‌ಗೆ ಇದು ಹೊಸದು.

ಇಲ್ಲಿ ಒಂದಿಷ್ಟು ಭೌತಶಾಸ್ತ್ರ ಹೇಳದೆ ಮುಂದೆ ಹೋಗಲಾರೆ. ಶಾಲೆಯ ಪ್ರಾರ್ಥನೆಯ ವೇಳೆ ಮೈಕನ್ನು ಲೌಡ್ ಸ್ಪೀಕರಿನ ಎದುರು ಹಿಡಿದರೆ 'ಕುಂಯ್' ಎಂದು ಕಿರುಚುತ್ತದಲ್ಲ, ಅದು ಫೀಡ್‌ಬ್ಯಾಕ್. ಮೈಕಿಗೆ ಬಿದ್ದ ದನಿ ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ ಸ್ಪೀಕರಿನಿಂದ ಹೊರಬಂದು, ಮತ್ತೆ ಅದೇ ಮೈಕಿಗೆ ಬಿದ್ದು, ಇನ್ನೂ ದೊಡ್ಡದಾಗಿ ಹೊರಬರುತ್ತದೆ. ಹೀಗೆ ಸುತ್ತು ಮುಗಿಯುವುದೇ ಇಲ್ಲ. ಗಾಬೊರ್ ನುಡಿಸುತ್ತಿದ್ದದ್ದು ಒಳಗೆ ಪೊಳ್ಳಾದ ಮರದ ಗಿಟಾರ್. ಅದಕ್ಕೊಂದು ಪಿಕಪ್ ಸಿಕ್ಕಿಸಿಕೊಂಡಿದ್ದ. ಸ್ಪೀಕರಿನ ದನಿ ಗಾಳಿಯಲ್ಲಿ ಬಂದು ಗಿಟಾರಿನ ತೆಳುವಾದ ಮರದ ಹಲಗೆಯನ್ನು ನಡುಗಿಸುತ್ತದೆ. ಹಲಗೆ ತಂತಿಯನ್ನು ನಡುಗಿಸುತ್ತದೆ. ತಂತಿಯ ಸಹಜ ಕಂಪನಾಂಕಕ್ಕೆ ಅದು ಹೊಂದಿಕೊಂಡರೆ ಅನುನಾದ. ಆಗ ತಂತಿ ಮೀಟದೆಯೇ ಮಿಡಿಯುತ್ತಲೇ ಇರುತ್ತದೆ. ಮರದ ಗಿಟಾರ್ ಹಿಡಿದ ಬೇರೆಯವರು ಈ ಕಾಟ ತಪ್ಪಿಸಿಕೊಳ್ಳಲು ಸ್ಪೀಕರಿನಿಂದ ದೂರ ಓಡುತ್ತಿದ್ದರು. ಈತ ಬೇಕೆಂದೇ ಅದನ್ನು ಕರೆಸಿಕೊಂಡು, ಬೆರಳಿನಿಂದ ಹದ್ದಿನಲ್ಲಿಟ್ಟು, ತಂಬೂರಿಯಂತೆ ಬಳಸಿಕೊಂಡ. ಉಪದ್ರವವನ್ನು ಉಪಕರಣ ಮಾಡಿಕೊಂಡ ಎನ್ನಿ.

1966ರಲ್ಲಿ ಅಮೆರಿಕ, ಇಂಗ್ಲೆಂಡುಗಳಿಗೆ ಸಿತಾರಿನ ಗೀಳು ಹಿಡಿದಿತ್ತು. ಗಾಬೊರ್ ಕೂಡ ಒಂದು ಸಿತಾರ್ ಕೈಗೆತ್ತಿಕೊಂಡು 'ಜಾಜ್ ರಾಗ' ಎಂಬ ಧ್ವನಿಮುದ್ರಿಕೆ ಮಾಡಿದ. ಅದರಲ್ಲಿ 'ಕೃಷ್ಣ', 'ರವಿ' ಎಂಬ ಹೆಸರಿನ ರಚನೆಗಳಿವೆ. ಹೆಸರು ನೋಡಿ ಹಿಗ್ಗಿ ಕೇಳಲು ಕೂತರೆ ನಿರಾಸೆಯಾಗುತ್ತದೆ. ಸಿತಾರು ಅಲ್ಲಿ ಬರೀ ಒಗ್ಗರಣೆ. ಚಟಪಟ ಎನ್ನುತ್ತದೆ, ಅಷ್ಟೆ. ವರ್ಷಗಟ್ಟಲೆ ಸಾಧನೆ ಬೇಡುವ ವಾದ್ಯ ಅಷ್ಟು ಬೇಗ ಒಲಿಯುವುದಿಲ್ಲ. ಆದರೆ ಮರುವರ್ಷ, 1967ರ ಏಪ್ರಿಲ್‌ನಲ್ಲಿ, ಬಾಸ್ಟನ್ನಿನ 'ಜಾಜ್ ವರ್ಕ್‌ಶಾಪ್' ಎಂಬಲ್ಲಿ ಕೇಳುಗರ ಎದುರು ನುಡಿಸಿ ಮುದ್ರಿಸಿದ 'ದಿ ಸಾರ್ಸರರ್' ಕೇಳಿ. ಸಿತಾರ್ ಇಲ್ಲ, ತಬಲ ಇಲ್ಲ. ಜಿಮ್ಮಿ ಸ್ಟುವರ್ಟ್ ಎಂಬ ಇನ್ನೊಬ್ಬ ಗಿಟಾರಿಸ್ಟ್, ಹಂಗೇರಿಯವನೇ ಆದ ಲೂಯಿ ಕಾಬೊಕ್ ಬೇಸ್ ವಾದ್ಯದಲ್ಲಿ, ಜೊತೆಗೆ ತಾಳವಾದ್ಯಗಳು. ಅದರಲ್ಲೊಂದು ರಚನೆ 'ಮಿಜ್ರಾಬ್'. ಸಿತಾರ್ ನುಡಿಸುವವರು ತೋರುಬೆರಳಿಗೆ ಹಾಕಿಕೊಳ್ಳುವ ತಂತಿಯ ಉಗುರಿಗೆ ಆ ಹೆಸರು. 'ಜಾಜ್ ರಾಗ'ದಲ್ಲೂ ಇದ್ದ ರಚನೆಯೇ. ಆದರೆ ಇಲ್ಲಿ ಅದು ಬೇರೆಯೇ ಜೀವ ತಳೆದಿದೆ. ಭಾರತದ ವಾದ್ಯವನ್ನು ಕೆಳಗಿಟ್ಟು ತನ್ನ ವಾದ್ಯ ಹಿಡಿದಾಗಲೇ ಆತ ಭಾರತದ ನಾದಕ್ಕೆ ಹೆಚ್ಚು ಹತ್ತಿರ ಬಂದ ಎಂಬುದು ನನ್ನ ಅಭಿಪ್ರಾಯ. ಮತ್ತು ಆ ತನ್ನ ವಾದ್ಯದಲ್ಲಿ ಮೊದಲಿನಿಂದ ಇದ್ದದ್ದು ಹಂಗೇರಿ.

ಇದನ್ನು ನಾನು ಒಬ್ಬನೇ ಹೇಳುತ್ತಿಲ್ಲ. ತೋಪಿನ ಇನ್ನೊಂದು ಮಗ್ಗುಲಲ್ಲಿ 'ಹಂಗೇರಿಯ ಸಂಗೀತ ಮನೆ' ಇದೆ. ಜಪಾನಿನ ಸೋವು ಫುಜಿಮೋಟೊ ವಿನ್ಯಾಸ ಮಾಡಿದ ಕಟ್ಟಡ, 2022ರಲ್ಲಿ ತೆರೆಯಿತು. ಅಣಬೆಯ ಕೊಡೆಯಂತೆ ಹರಡಿದ ಛಾವಣಿಯಲ್ಲಿ ನೂರರ ಹತ್ತಿರ ತೂತುಗಳು. ಕೆಲವು ತೂತುಗಳಿಂದ ಮರಗಳೇ ಮೇಲೆ ಎದ್ದಿವೆ. ಅದರ ಹೊರಗಿನ ಬೆಂಚಿನಲ್ಲಿ ಕೂತು ನಾನೂ ಅಕ್ಕನ ಮಗಳೂ ಅವಳ ಮೊಬೈಲಿನ ಇಯರ್‌ಫೋನನ್ನು ಒಂದೊಂದು ಕಿವಿಗೆ ಹಂಚಿಕೊಂಡು 'ಮಿಜ್ರಾಬ್' ಕೇಳಿದೆವು. ಅವಳು ಹೈಸ್ಕೂಲಿನಿಂದ ಎಂಟು ವರ್ಷ ವೀಣೆ ಕಲಿತವಳು. ಸ್ವಲ್ಪ ಹೊತ್ತಿಗೆ ಬಲಗೈ ಕಿರುಬೆರಳು ಅಲುಗತೊಡಗಿತು. "ಮಾಮ, ಇವನು ತಾಳದ ತಂತಿ ಮೀಟ್ತಿದಾನೆ" ಎಂದಳು. ವೀಣೆಯ ಪಕ್ಕದ ಮೂರು ತಂತಿಗಳನ್ನು ಕಿರುಬೆರಳಿನಲ್ಲಿ ಮೀಟುವುದನ್ನು ಬಲ್ಲವರಿಗೆ ಅವಳ ಮಾತಿನ ತೂಕ ಗೊತ್ತಾಗುತ್ತದೆ. ನಾನು ಅಷ್ಟು ದಿನ ತಂಬೂರಿ ಎಂದುಕೊಂಡಿದ್ದೆ. ಅವಳು ಹೇಳಿದ್ದೇ ಹೆಚ್ಚು ಸರಿ.

ನಾನು ಹೊರಡುವಾಗ ಅಕ್ಕ ಚಕ್ಕುಲಿ ಡಬ್ಬಿಯ ಜೊತೆಗೆ ಒಂದು ಕೆಲಸವನ್ನೂ ಒಪ್ಪಿಸಿದ್ದಳು. "ಅವಳು ಯಾವಾಗ ವಾಪಸ್ ಬರ್ತಾಳಂತೆ, ನೀನಾದರೂ ನೇರ ಕೇಳ್ಕೊಂಡು ಬಾ. ಫೋನಿನಲ್ಲಿ ಜಾರಿಸ್ತಾಳೆ." ಏಳು ದಿನ ಸಮಯ ಸಿಕ್ಕಿರಲಿಲ್ಲ, ಅಥವಾ ನಾನೇ ಸಿಗಗೊಟ್ಟಿರಲಿಲ್ಲ. ಅಂದು ಬೆಂಚಿನಲ್ಲಿ ಕೇಳಿದೆ. ಅವಳು ಸುಮ್ಮನಿದ್ದು, ಆಮೇಲೆ, "ಮಾಮ, ವಿಮಾನದಲ್ಲಿ ವೀಣೆ ತರೋಕೆ ಬಿಡ್ತಾರಾ?" ಎಂದಳು. ನನಗೆ ಉತ್ತರ ಸಿಕ್ಕಿತು. ಅಕ್ಕನಿಗೆ ಇದನ್ನು ಹೇಗೆ ಮುಟ್ಟಿಸುವುದೆಂದು ಸುರಂಗ ರೈಲಿನಲ್ಲಿ ಯೋಚಿಸುತ್ತ ಬಂದೆ. ಊರಿಗೆ ಮರಳಿದ ಮೇಲೆ ಅಕ್ಕನೆದುರು ವೀಣೆಯ ಮಾತನ್ನಷ್ಟೇ ಹೇಳಿದೆ. ಅವಳು ಅಟ್ಟದ ಮೇಲಿನ ವೀಣೆ ಇಳಿಸಿ, ಧೂಳು ಒರೆಸಿ, ಅಳತೆ ತೆಗೆದು ಬರೆದಿಟ್ಟಳು. ಒಂದೇ ಒಂದು ಮಾತೂ ಆಡಲಿಲ್ಲ.

ಗಾಬೊರ್‌ಗೆ ಮರಳಿ ಬರುವ ಅವಕಾಶ ಸಿಕ್ಕಿದ್ದು ಹದಿನೆಂಟು ವರ್ಷಗಳ ನಂತರ, 1974ರಲ್ಲಿ. ಅಷ್ಟರಲ್ಲಿ ಹಾಡು ಅವನದು, ಹೆಸರು ಬೇರೆಯವರದು ಎಂಬುದು ಮಾಮೂಲಾಗಿತ್ತು. 1970ರ 'ಅಬ್ರಾಕ್ಸಸ್' ಧ್ವನಿಮುದ್ರಿಕೆಯಲ್ಲಿ 'ಜಿಪ್ಸಿ ಕ್ವೀನ್' ಸಾಂಟಾನಾ ಪಾಲಿಗೆ ಹೋಯಿತು. ಕಾರ್ಲೋಸ್ ಸಾಂಟಾನಾ ಮಾತ್ರ ಗಾಬೊರ್‌ನಿಂದ ಕಲಿತದ್ದನ್ನು ಮುಚ್ಚಿಡಲಿಲ್ಲ, ಅಷ್ಟು ದೊಡ್ಡತನ ಆತನದು. ಬಾಬಿ ವೊಮ್ಯಾಕ್ ಬರೆದ 'ಬ್ರೀಜಿನ್' ಎಂಬ ಹಿತವಾದ ರಾಗವನ್ನು ಮೊದಲು ಧ್ವನಿಮುದ್ರಿಸಿದವನು ಗಾಬೊರ್, 1971ರ 'ಹೈ ಕಾಂಟ್ರಾಸ್ಟ್' ತಟ್ಟೆಯಲ್ಲಿ. ಅದನ್ನೇ 1976ರಲ್ಲಿ ಜಾರ್ಜ್ ಬೆನ್ಸನ್ ನುಡಿಸಿದಾಗ ಆ ಆಲ್ಬಮ್ ಅಮೆರಿಕದಲ್ಲಿ ಮಾರಾಟದ ಮೊದಲ ಸ್ಥಾನಕ್ಕೇರಿತು. ಎರಡಕ್ಕೂ ನಿರ್ಮಾಪಕ ಒಬ್ಬನೇ, ಟಾಮಿ ಲಿಪ್ಯೂಮಾ. ಜಾಜ್ ಪಂಡಿತರಿಗೆ ಗಾಬೊರ್ ತೀರ ಪಾಪ್. ಪಾಪ್ ಅಂಗಡಿಯವರಿಗೆ ತೀರ ವಿಚಿತ್ರ. ಯಾವ ಕಪಾಟಿನಲ್ಲಿಡಬೇಕೆಂದು ಗೊತ್ತಾಗದ ಪುಸ್ತಕವನ್ನು ಲೈಬ್ರರಿಯವರು ಮೂಲೆಗೆ ಇಡುವುದಿಲ್ಲವೆ, ಹಾಗಾಯಿತು. ಒಳ್ಳೆಯದೂ ಕೆಟ್ಟದ್ದೂ ಎರಡನ್ನೂ ಧಾರಾಳವಾಗಿ ಧ್ವನಿಮುದ್ರಿಸಿದ್ದು, ಆಗಿನ ಜನಪ್ರಿಯ ಹಾಡುಗಳನ್ನು ಕಂಪನಿಗಳಿಗಾಗಿ ಸಾಲುಸಾಲಾಗಿ ನುಡಿಸಿದ್ದು ಕೂಡ ಹೆಸರಿಗೆ ಮುಳುವಾಯಿತು ಎಂಬುದನ್ನೂ ಹೇಳಬೇಕು.

ಮಕ್ಕಳು ಓದುವ ಪುಟವೆಂದು ಇನ್ನೊಂದನ್ನು ಮರೆಸುವುದು ಸರಿಯಲ್ಲ. ಆ ಕಾಲದ ಹಲವು ಸಂಗೀತಗಾರರಂತೆ ಆತನೂ ಹೆರಾಯಿನ್ ಚಟಕ್ಕೆ ಸಿಕ್ಕಿದ. ಬಿಡಲು ಹೆಣಗಿದ. ದೇಹ ಉಳಿಯಲಿಲ್ಲ. 1982ರ ಫೆಬ್ರವರಿ 26ರಂದು, ನಲವತ್ತಾರು ತುಂಬಲು ಹತ್ತು ದಿನವಿರುವಾಗ, ಹುಟ್ಟೂರಿಗೆ ಬಂದಿದ್ದ ಗಾಬೊರ್ ಬುಡಾಪೆಸ್ಟಿನಲ್ಲಿಯೇ ತೀರಿಕೊಂಡ.

ನಾವು ಹೊರಡುವ ಮುಂಚಿನ ಶನಿವಾರ ಊರಿನ ಹೊರಗಿನ ಎಚೆರಿ ಹಳೆ ಸಾಮಾನಿನ ಸಂತೆಗೆ ಹೋಗಿದ್ದೆವು. ಹಿತ್ತಾಳೆ ದೀಪ, ಸೈನಿಕರ ಪದಕ, ಮುರಿದ ಪಿಟೀಲುಗಳ ನಡುವೆ ಒಬ್ಬ ಮುದುಕ ಎಲ್.ಪಿ. ತಟ್ಟೆಗಳ ಪೆಟ್ಟಿಗೆಗಳನ್ನಿಟ್ಟುಕೊಂಡು ಕೂತಿದ್ದ. ಅಕ್ಕನ ಮಗಳು ಹಂಗೇರಿಯನ್ ಭಾಷೆಯಲ್ಲಿ "ಸಾಬೊ ಗಾಬೊರ್" ಎಂದಳು. "ಯಾವ ಸಾಬೊ ಗಾಬೊರ್?" ಎಂದ ಆತ. ನಾನು ಗಿಟಾರ್ ಹಿಡಿದಂತೆ ಕೈ ಮಾಡಿದೆ. ಮುದುಕನ ಮುಖ ಬೇರೆಯಾಯಿತು. ಕೆಳಗಿನ ಪೆಟ್ಟಿಗೆಯಿಂದ 'ಪೆಪಿಟಾ' ಎಂಬ ಹಂಗೇರಿಯ ಕಂಪನಿ ಹೊರತಂದ 'ಫಾಮ್ ಫಟಾಲ್' ತೆಗೆದ. ಗಾಬೊರ್‌ನ ಕೊನೆಯ ಧ್ವನಿಮುದ್ರಿಕೆ. ಬೆಲೆ ಕೇಳಿ ಅಲ್ಲಿಯೇ ಹಿಂತಿರುಗಿಸಿದೆ. ತಟ್ಟೆ ನುಡಿಸುವ ಯಂತ್ರವೂ ನಮ್ಮ ಮನೆಯಲ್ಲಿಲ್ಲ. ಮುದುಕ ಬೇಸರಿಸಲಿಲ್ಲ. ತಟ್ಟೆಯನ್ನು ಮತ್ತೆ ಕೆಳಗಿನ ಪೆಟ್ಟಿಗೆಗೇ ಸೇರಿಸಿದ.

ಆ ಧ್ವನಿಮುದ್ರಿಕೆಗಳಲ್ಲಿ ಬಹಳಷ್ಟು ಈಗ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ಕೇಳುವ ಮನಸ್ಸಿದ್ದವರು 'ದಿ ಸಾರ್ಸರರ್'ನಿಂದ ಆರಂಭಿಸಿ. ಅನಂತರ 1968ರ 'ಡ್ರೀಮ್ಸ್'. ಅದರಲ್ಲಿ ಕೊದಾಯ್‌ನ ಸಂಗೀತದಿಂದ ಎತ್ತಿಕೊಂಡ ಒಂದು ರಚನೆಯೂ ಇದೆ. 'ಜಿಪ್ಸಿ ಕ್ವೀನ್' ಕೇಳುವುದಾದರೆ ಮೊದಲು ಗಾಬೊರ್‌ನದು, ಆಮೇಲೆ ಸಾಂಟಾನಾದು.